ಪ್ರೋಗ್ರಾಂ ನಿರ್ವಹಣೆಗೆ ಹೊಸಬರು: ಸಿಎಪಿಎಂ, ಎಂಎಸ್‌ಪಿ, ಪಿಜಿಎಂಪಿ ಪ್ರಮಾಣಪತ್ರಗಳಲ್ಲಿ ಯಾವುದು?

ಒಂದೇ ಉದ್ದೇಶಕ್ಕೆ ಸೇರಿದ ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟಾಗಿ ನಡೆಸಿ, ಬಿಡಿಬಿಡಿಯಾಗಿ ದಕ್ಕದ ಪ್ರಯೋಜನವನ್ನು ಪಡೆಯುವುದು ಪ್ರೋಗ್ರಾಂ ನಿರ್ವಹಣೆ. ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲಿ ಕಾಮಗಾರಿ ಬಹುಪಾಲು ಮುಗಿದಿದ್ದರೂ ರೈಲುಗಳು ಸಕಾಲಕ್ಕೆ ಬಾರದ ಕಾರಣ ಸಂಚಾರ ಆರಂಭವಾಗಲು 2025ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಇಂಥ ಪರಸ್ಪರ ಅವಲಂಬನೆಗಳನ್ನು ಮೊದಲೇ ಗುರುತಿಸುವುದೇ ಈ ವೃತ್ತಿಯ ತಿರುಳು.

ಈ ವೃತ್ತಿಗೆ ಬರುವವರ ಮುಂದಿರುವ ಮೂರು ಪ್ರಮಾಣಪತ್ರಗಳ ಅರ್ಹತೆಯನ್ನು ನೋಡಿದರೆ ಪಿಜಿಎಂಪಿ (ಪ್ರೋಗ್ರಾಂ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್) ಹೊಸಬರಿಗೆ ಸದ್ಯಕ್ಕೆ ಎಟುಕದು. ಪದವೀಧರರಿಗೂ ಪ್ರೋಗ್ರಾಂ ನಿರ್ವಹಣೆಯಲ್ಲೇ 48 ತಿಂಗಳ ಅನುಭವವನ್ನು ಅದು ಕೇಳುತ್ತದೆ. ಸಿಎಪಿಎಂಗೆ (ಸರ್ಟಿಫೈಡ್ ಅಸೋಸಿಯೇಟ್ ಇನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್) ಅನುಭವ ಬೇಕಿಲ್ಲ, 23 ಗಂಟೆಗಳ ತರಬೇತಿ ಸಾಕು. ಎಂಎಸ್‌ಪಿಯ (ಮ್ಯಾನೇಜಿಂಗ್ ಸಕ್ಸೆಸ್‌ಫುಲ್ ಪ್ರೋಗ್ರಾಮ್ಸ್) ಮೊದಲ ಹಂತವಾದ ಫೌಂಡೇಶನ್‌ಗೆ ಯಾವ ಪೂರ್ವಾರ್ಹತೆಯೂ ಇಲ್ಲ.

ವಿಷಯದ ಮಾತು ಬೇರೆ. ಸಿಎಪಿಎಂ ಮುಖ್ಯವಾಗಿ ಕಲಿಸುವುದು ಪ್ರಾಜೆಕ್ಟ್ ನಿರ್ವಹಣೆಯನ್ನು, ಅಂದರೆ ವ್ಯಾಪ್ತಿ, ವೇಳಾಪಟ್ಟಿ, ಅಜೈಲ್ (ಕೆಲಸವನ್ನು ಚಿಕ್ಕ ಹಂತಗಳಲ್ಲಿ ಮಾಡುತ್ತ ತಿದ್ದಿಕೊಳ್ಳುವ ವಿಧಾನ) ಮುಂತಾದವುಗಳನ್ನು. ಬ್ರಿಟನ್ ಸರ್ಕಾರದಲ್ಲಿ ಹುಟ್ಟಿದ ಎಂಎಸ್‌ಪಿಯಾದರೋ ನೇರವಾಗಿ ಪ್ರೋಗ್ರಾಂ ಕುರಿತದ್ದು: ಪ್ರಯೋಜನವನ್ನು ಅಳೆಯುವುದು ಹೇಗೆ, ಹೊಣೆ ಯಾರದು ಎಂಬುದನ್ನು ವಿವರಿಸುತ್ತದೆ. ಆದರೆ ಒಂದು ಪ್ರಾಜೆಕ್ಟನ್ನೂ ಹತ್ತಿರದಿಂದ ಕಾಣದವರಿಗೆ ಅದರ ಪರಿಭಾಷೆ ಬಾಯಿಪಾಠವಾಗಿಯೇ ಉಳಿಯುತ್ತದೆ ಎಂಬುದು ನನ್ನ ಅನಿಸಿಕೆ.

ವೆಚ್ಚದಲ್ಲಿ ಪರೀಕ್ಷಾ ಶುಲ್ಕಕ್ಕಿಂತ ತರಬೇತಿಯ ಶುಲ್ಕವೇ ಹೊರೆಯಾಗಬಹುದು. ಮೂರು ವರ್ಷಗಳಿಗೊಮ್ಮೆ ನವೀಕರಣವೂ ಉಂಟು.

ಆಗಷ್ಟೇ ಪದವಿ ಮುಗಿಸಿ ಐಟಿ ಕಂಪನಿಗಳಲ್ಲಿ ಕೆಲಸ ಹುಡುಕುವವರಿಗೆ ಸಿಎಪಿಎಂ ಹೊಂದುತ್ತದೆ. ಈಗಾಗಲೇ ಒಂದು ಪ್ರೋಗ್ರಾಂ ಕಚೇರಿಯಲ್ಲಿ ಸಹಾಯಕರಾಗಿರುವವರಿಗೆ, ಅದರಲ್ಲೂ ಬ್ರಿಟಿಷ್ ಗ್ರಾಹಕರೊಡನೆ ವ್ಯವಹರಿಸುವವರಿಗೆ, ಎಂಎಸ್‌ಪಿ ಹೆಚ್ಚು ಉಪಯುಕ್ತ. ಹಲವು ತಂಡಗಳನ್ನು ವರ್ಷಗಟ್ಟಲೆ ನಡೆಸಿದವರು ಮಾತ್ರ ಪಿಜಿಎಂಪಿಯತ್ತ ನೋಡಬಹುದು.