ಎಂಜಿ ಟಿಡಿ ಕೊಡಗಿನ ಮಳೇಲಿ: ತಗೊಳ್ಳೋರು ಇಂಜಿನ್ ಬಿಡಿ, ಕಾಗದ ನೋಡಿ, ಮರ ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಇದು ಎಂಜಿ ಕಂಪನಿಯ ಈಗಿನ ಹೆಕ್ಟರ್ ಕಾರಿನ ರಿವ್ಯೂ ಅಲ್ಲ. ಎಂಜಿ ಅಂದ ತಕ್ಷಣ ಇನ್ಶೂರೆನ್ಸ್ ಮಾಡೋ ಹುಡುಗನಿಂದ ಹಿಡಿದು ನಮ್ಮ ಸೋದರಮಾವನವರೆಗೆ ಎಲ್ರೂ ಸನ್‌ರೂಫ್ ಇದ್ಯಾ ಅಂತ ಕೇಳ್ತಾರೆ, ಇದ್ರಲ್ಲಿ ರೂಫೇ ನೆಟ್ಟಗಿಲ್ಲ ಮಾರಾಯ್ರೆ. ಇದು ಎಂಜಿ ಟಿಡಿ, ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರೀಲಿ 1949ರ ಕೊನೆಯಿಂದ 1953ರವರೆಗೆ ತಯಾರಾದ ಎರಡು ಸೀಟಿನ ಓಪನ್ ಸ್ಪೋರ್ಟ್ಸ್ ಕಾರು. ನಂದು 1952ರದ್ದು. ಒಟ್ಟು ಮಾಡಿದ್ದು ಮೂವತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ, ಅದ್ರಲ್ಲಿ ಮುಕ್ಕಾಲು ಭಾಗ ಅಮೆರಿಕಾಕ್ಕೇ ಹೋಯ್ತು, ನಮ್ಮ ಕಡೆ ಒರಿಜಿನಲ್ ಇಂಜಿನ್ ಸಮೇತ ಉಳಿದಿರೋದು ಕಣ್ಣಿಗೆ ಬೀಳೋದೇ ಅಪರೂಪ.

ಒಂದು ಮಳೆಗಾಲ ಪೂರ್ತಿ ಇಟ್ಕೊಂಡು ಬರೀತಿದ್ದೀನಿ. ಇಂಥ ಗಾಡಿ ನೋಡಕ್ಕೆ ಹೋದಾಗ ಎಲ್ರೂ ಮೊದ್ಲು ಮಾಡೋದು ಸ್ಟಾರ್ಟ್ ಮಾಡ್ಸೋದು, ಆ ಸೌಂಡ್ ಕೇಳಿದ್ ಕೂಡ್ಲೇ ಅಡ್ವಾನ್ಸ್ ಕೊಡೋದು. ನನ್ ಕೇಳಿದ್ರೆ ಅದು ಕೊನೇ ಕೆಲ್ಸ. ಮೊದ್ಲು ಕಾಗದ, ಆಮೇಲೆ ಮರ, ಆಮೇಲೆ ಬೇಕಾದ್ರೆ ಇಂಜಿನ್. ಇಂಜಿನ್ ಹೋಗಿದ್ರೆ ದುಡ್ಡು ಸುರಿದ್ರೆ ಬರುತ್ತೆ, ಕಾಗದ ಹೋಗಿದ್ರೆ ನೀವು ತಗೊಂಡಿದ್ದು ಶೋಕೇಸ್ ಬೊಂಬೆ.

ಮರ ಅಂದ್ರೆ ಎಂತ ಅಂತ ಕೇಳ್ಬಹುದು. ಈ ಕಾರಿನ ಚಾಸಿ ಉಕ್ಕಿಂದು, ಆದ್ರೆ ಬಾಡಿ ಒಳಗಿನ ಅಸ್ಥಿಪಂಜರ ಪೂರ್ತಿ ಆಶ್ ಮರದ್ದು, ಅದರ ಮೇಲೆ ತಗಡು ಮೊಳೆ ಹೊಡೆದು ಕೂರ್ಸಿರ್ತಾರೆ. ಈಗ ಯೋಚ್ನೆ ಮಾಡಿ, ಜೂನಿಂದ ಸೆಪ್ಟೆಂಬರ್‌ವರೆಗೆ ಬೀರು ಒಳಗಿನ ಬಟ್ಟೆಗೂ ಬೂಷ್ಟು ಹಿಡಿಯೋ ಊರಲ್ಲಿ, ಕಾಫಿ ಗೋಡೌನಿನ ಮೂಲೇಲಿ ದಶಕಗಟ್ಟಲೆ ನಿಂತ ಗಾಡಿಯ ಮರ ಯಾವ ಸ್ಥಿತೀಲಿ ಇರುತ್ತೆ? ಹೊರಗಡೆ ಪೇಂಟ್ ಮಿಂಚ್ತಿರುತ್ತೆ, ಒಳಗಡೆ ಗೆದ್ದಲು ಊಟ ಮುಗ್ಸಿ ಎದ್ದು ಹೋಗಿರುತ್ತೆ. ಚೆಕ್ ಮಾಡೋದು ಸುಲಭ. ಟಿಡಿ ಬಾಗಿಲಿನ ಕೀಲು ಹಿಂದ್ಗಡೆ ಇರುತ್ತೆ, ಅಂದ್ರೆ ಬಾಗಿಲು ನಮ್ಮ ಈಗಿನ ಕಾರುಗಳಿಗೆ ಉಲ್ಟಾ ತೆಗಿಯುತ್ತೆ. ಬಾಗಿಲು ಪೂರ್ತಿ ತೆಗೆದು ಮುಂದಿನ ತುದಿ ಹಿಡ್ಕೊಂಡು ಮೇಲೆ ಎತ್ತಿ ನೋಡಿ, ಕೀಲಿನ ಜೊತೆ ಕಂಬಾನೂ ಅಲ್ಲಾಡಿದ್ರೆ ಒಳಗಿನ ಮರ ಹೋಗಿದೆ ಅಂತ ಲೆಕ್ಕ. ಆಮೇಲೆ ಕಾರ್ಪೆಟ್ ಎತ್ತಿ ಕೆಳಗಿನ ಉದ್ದ ಪಟ್ಟಿಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಚುಚ್ಚಿ, ಓನರ್ ಮುಖ ಸಿಂಡರಿಸ್ಕೊಂಡ್ರೂ ಪರ್ವಾಗಿಲ್ಲ ಚುಚ್ಚಿ. ನಂದ್ರಲ್ಲಿ ಎಡಗಡೆ ಪಟ್ಟಿ ಅರ್ಧಕ್ಕರ್ಧ ಪುಡಿ ಆಗಿತ್ತು, ಅದನ್ನ ತೋರಿಸೇ ರೇಟ್ ಇಳ್ಸಿದ್ದು. ಎಷ್ಟು ಅಂತ ಕೇಳ್ಬೇಡಿ, ಮನೇಲಿ ಓದ್ತಾರೆ.

ಆ ಪಟ್ಟಿ ಹೊಸದಾಗಿ ಮಾಡ್ಸಿದ್ದು ವಿರಾಜಪೇಟೆ ಕಡೆಯ ಒಬ್ರು ವಯಸ್ಸಾದ ಆಚಾರಿ ಹತ್ರ. ಆಶ್ ಇಲ್ಲಿ ಸಿಗಲ್ಲ, ತೋಟದಲ್ಲಿ ನೆರಳಿಗೆ ಹಾಕಿರೋ ಸಿಲ್ವರ್ ಓಕ್ ಇದ್ಯಲ್ಲ ಅಂತ ಯಾರೋ ಐಡಿಯಾ ಕೊಟ್ರು, ಆಚಾರಿ ಕೇಳಿ ನಕ್ಕು "ಅದು ಪ್ಯಾಕಿಂಗ್ ಪೆಟ್ಟಿಗೆಗೆ ಸರಿ ಅಣ್ಣ, ಇದು ಸ್ಕ್ರೂ ಹಿಡ್ಕೋಬೇಕು" ಅಂದ್ರು. ಬೀಟೆ ಹಾಕ್ಸೋ ಆಸೆ ಇತ್ತು, ಆದ್ರೆ ಕೊಡಗಲ್ಲಿ ಬೀಟೆ ಅಂದ್ರೆ ನಿಮ್ಮ ತೋಟದ ಮರಾನೇ ನಿಮ್ದಾ ಸರ್ಕಾರದ್ದಾ ಅನ್ನೋದೇ ದೊಡ್ಡ ರಾಮಾಯಣ, ಕೊನೆಗೆ ಹಳೇ ಮನೆ ಬಿಚ್ಚಿದ್ದ ತೇಗದ ತೊಲೆ ಸಿಕ್ತು. ಅವರು ಹಳೇ ಪುಡಿ ಪಟ್ಟೀನೇ ಬಿಳಿ ಹಾಳೆ ಮೇಲೆ ಜೋಡಿಸಿ ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು, ಪುಡಿ ಆದ ಜಾಗ ಬಲಗಡೆ ಪಟ್ಟಿ ನೋಡಿ ತುಂಬ್ಸಿ, ಅಲ್ಲಿಂದ ಅಳತೆ ತೆಗೆದ್ರು. ಕೂರ್ಸಿದಾಗ ಬಾಗಿಲು ಒಂದೇ ಸಲಕ್ಕೆ ಟಪ್ ಅಂತ ಬಿತ್ತು. ಆ ಕೆಲ್ಸಕ್ಕೆ ಐದಕ್ಕೆ ಐದು ಸ್ಟಾರ್.

ಇನ್ನು ನಕಲಿ ವಿಷ್ಯ. ತಗೊಳ್ಳೋ ಮುಂಚೆ ಎಂಜಿಯ ಮೂರು ಹಳೇ ಮಾಡೆಲ್ ವ್ಯತ್ಯಾಸ ಗೊತ್ತಿರ್ಬೇಕು. ಟಿಡಿಗಿಂತ ಮುಂಚೆ ಬಂದ ಟಿಸಿ ಅಂದ್ರೆ 19 ಇಂಚಿನ ದೊಡ್ಡ ಕಡ್ಡಿ ಚಕ್ರ, ಬಂಪರ್ ಇಲ್ಲ. ಟಿಡಿಗೆ ಬಂಪರ್ ಇದೆ, 15 ಇಂಚಿನ ತಗಡಿನ ಡಿಸ್ಕ್ ವೀಲು, ಕಂಪನಿಯಿಂದ ಕಡ್ಡಿ ಚಕ್ರ ಬರ್ತಾನೇ ಇರ್ಲಿಲ್ಲ. ಟಿಡಿ ಆದ್ಮೇಲೆ ಬಂದ ಟಿಎಫ್‌ಗೆ ಗ್ರಿಲ್ ಹಿಂದಕ್ಕೆ ವಾಲಿರುತ್ತೆ, ಹೆಡ್‌ಲೈಟು ಮಡ್‌ಗಾರ್ಡ್ ಒಳಗೆ ಸೇರ್ಕೊಂಡಿರುತ್ತೆ. ಒಂದು ದೊಡ್ಡ ಊರಿನ ಡೀಲರ್, ಹೆಸ್ರು ಬೇಡ, ನನಗೆ "ಫುಲ್ಲಿ ಒರಿಜಿನಲ್ ಟಿಡಿ" ಅಂತ ತೋರ್ಸಿದ್ದು ಕಡ್ಡಿ ಚಕ್ರದ್ದು. ಸರಿ ಚಕ್ರ ಬದಲಾಯಿಸ್ಬಹುದು ಬಿಡಿ, ಬಾನೆಟ್ ಎತ್ತಿದ್ರೆ ಒಳಗೆ ಅಂಬಾಸಿಡರ್ ಇಂಜಿನ್. ಕೇಳಿದ್ರೆ "ಸಾರ್ ಅದೂ ಬ್ರಿಟಿಷ್ ಡಿಸೈನೇ" ಅಂತಾನೆ! ಸುಳ್ಳೇನಲ್ಲ, ಆದ್ರೆ ಹಾಗಂತ ಒರಿಜಿನಲ್ ರೇಟ್ ಕೊಡಕ್ಕಾಗುತ್ತಾ. ಅಮೆರಿಕಾದಲ್ಲಂತೂ ಫೋಕ್ಸ್‌ವ್ಯಾಗನ್ ಬೀಟಲ್ ಮೇಲೆ ಫೈಬರ್ ಬಾಡಿ ಕೂರ್ಸಿದ ಟಿಡಿ ಕಿಟ್‌ಗಳೇ ಬಂದಿದ್ವು, ಅದರ ಬಾನೆಟ್ ತೆಗೆದ್ರೆ ಇಂಜಿನ್ನೇ ಇಲ್ಲ, ಹಿಂದ್ಗಡೆ ಇರುತ್ತೆ.

ಆದ್ರಿಂದ ನಂಬರ್ ನೋಡೋದು ಕಲೀರಿ. ಚಾಸಿ ನಂಬರ್ ಎರಡು ಕಡೆ ಸಿಗುತ್ತೆ, ಬಾನೆಟ್ ಒಳಗಿನ ಪ್ಲೇಟಲ್ಲಿ ಒಂದು, ಎಡಗಡೆ ಮುಂದಿನ ಚಾಸಿ ತುದೀಲಿ ಉಕ್ಕಿಗೇ ಕೊರೆದದ್ದು ಇನ್ನೊಂದು. ಪ್ಲೇಟನ್ನ ಯಾರು ಬೇಕಾದ್ರೂ ಮಾಡ್ಸಿ ಅಂಟಿಸ್ತಾರೆ, ಉಕ್ಕಿನ ಮೇಲಿಂದೇ ಮುಖ್ಯ. ಅಲ್ಲಿ ಎಪ್ಪತ್ತು ವರ್ಷದ ಗ್ರೀಸು ಮಣ್ಣು ಕೂತಿರುತ್ತೆ, ಸೀಮೆಎಣ್ಣೆ ಬಟ್ಟೆ ತಗೊಂಡ್ ಹೋಗಿ, ಒರೆಸಿ, ಟಾರ್ಚು ಓರೆಯಾಗಿ ಹಿಡಿದ್ರೆ ಅಕ್ಷರ ಒಂದೊಂದೇ ಎದ್ದು ಕಾಣುತ್ತೆ. ನಂಬರ್ ಶುರುವಾಗೋದೇ 0251ರಿಂದ, ಯಾಕಂದ್ರೆ ಅಬಿಂಗ್ಡನ್ ಫ್ಯಾಕ್ಟರಿಯ ಟೆಲಿಫೋನ್ ನಂಬರ್ 251, ಆ ಜನ ಅದನ್ನೇ ಮೊದಲ ಗಾಡಿಗೆ ಹಾಕಿಬಿಟ್ಟಿದ್ರು. ಅದಕ್ಕಿಂತ ಕಮ್ಮಿ ನಂಬರಿನ ಟಿಡಿ ಯಾರಾದ್ರೂ ತೋರ್ಸಿದ್ರೆ ಟೀ ಕುಡಿದು ಎದ್ದು ಬನ್ನಿ. ಇಂಜಿನ್ನಿನ ನಂಬರ್ ಎಂಟು ಮೂಲೆಯ ಹಿತ್ತಾಳೆ ಪ್ಲೇಟಲ್ಲಿ ಎಕ್ಸ್‌ಪಿಎಜಿ ಅಂತ ಶುರುವಾಗಿರುತ್ತೆ, ಮುಂದೆ ಟಿಡಿ2 ಅಂತ ಇದ್ರೆ ಕ್ಲಚ್ ದೊಡ್ಡದಾಗಿರೋ 8 ಇಂಚಿನದ್ದು, ಅದು ಸಿಕ್ಕಿದ್ರೆ ಒಳ್ಳೇದು. ಇಂಗ್ಲೆಂಡಿನ ಎಂಜಿ ಕಾರ್ ಕ್ಲಬ್ಬಲ್ಲಿ ಈ ಮಾಡೆಲ್‌ಗಳಿಗೇ ಅಂತ ಟಿ ರಿಜಿಸ್ಟರ್ ಇದೆ, ದುಡ್ಡು ಕೊಡೋ ಮೊದ್ಲು ಚಾಸಿ ನಂಬರ್ ಹಿಡ್ಕೊಂಡು ಅವರನ್ನ ವಿಚಾರಿಸಿ.

ಕಾಗದ. ಇದು ಕೊಡಗಲ್ಲಿ ಬೇರೇನೇ ಕಥೆ. ಗಾಡಿ ಇದ್ದಿದ್ದು ಒಂದು ಹಳೇ ಪ್ಲಾಂಟರ್ ಕುಟುಂಬದಲ್ಲಿ, ಮೊದಲ ರಿಜಿಸ್ಟ್ರೇಷನ್ ಆಗಿದ್ದು ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದು ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ ಆಗಿದ್ದಾಗ, ಅಂದ್ರೆ 1956ರ ನವೆಂಬರ್ 1ಕ್ಕೆ ಮೈಸೂರಿಗೆ ಸೇರೋದಕ್ಕೂ ಮುಂಚೆ. ಆರ್‌ಸಿ ಪುಸ್ತಕ ಇನ್ನೂ ಅಜ್ಜನ ಹೆಸ್ರಲ್ಲೇ ಇತ್ತು, ಅಜ್ಜ ತೀರ್ಕೊಂಡು ಎಷ್ಟೋ ಕಾಲ ಆಗಿದೆ. ಮಾರೋಕೆ ಕೂತಿದ್ದ ಅಂಕಲ್ ನೇರವಾಗೇ ಹೇಳಿದ್ರು, "ನೋಡಪ್ಪ, ಗಾಡಿ ಕೊಡಕ್ಕೆ ನಂಗೇನೂ ಇಲ್ಲ, ಆದ್ರೆ ನಮ್ಮ ತಮ್ಮನ ಮಕ್ಕಳ ಸೈನ್ ಆಗ್ಬೇಕು, ಅವ್ರಲ್ಲಿ ಒಬ್ಬ ಕೆನಡಾದಲ್ಲಿದ್ದಾನೆ." ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಆಸ್ತಿ ಥರ ಕಾರಿಗೂ ಪಾಲುದಾರರು. ಮೊದ್ಲು ಡೆತ್ ಸರ್ಟಿಫಿಕೇಟ್, ವಾರಸುದಾರರ ಸರ್ಟಿಫಿಕೇಟ್, ಮಿಕ್ಕವರ ಒಪ್ಪಿಗೆ ಅಫಿಡವಿಟ್, ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ, ಆಮೇಲೆ 29, 30ರಲ್ಲಿ ನಮ್ಮ ಹೆಸರಿಗೆ. ಇದೆಲ್ಲ ಆಗೋವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ, ಅವ್ರು ಎಷ್ಟೇ ಒಳ್ಳೆಯವರಾಗಿರ್ಲಿ, ಎಷ್ಟೇ ಪಂದಿಕರಿ ಕಡುಬು ಬಡಿಸ್ಲಿ. ಜೊತೆಗೆ ಆರ್‌ಟಿಓದಿಂದ ಬಿ ಎಕ್ಸ್‌ಟ್ರಾಕ್ಟ್ (ರಿಜಿಸ್ಟ್ರೇಷನ್ ದಾಖಲೆಯ ನಕಲು) ತೆಗೆಸಿ, ಅದ್ರಲ್ಲಿರೋ ಚಾಸಿ ನಂಬರ್, ಉಕ್ಕಿನ ಮೇಲಿರೋ ನಂಬರ್, ಆರ್‌ಸಿ ನಂಬರ್ ಮೂರೂ ಒಂದೇ ಇರ್ಬೇಕು, ಒಂದಂಕಿ ಹೆಚ್ಚುಕಮ್ಮಿ ಆದ್ರೂ ಆಮೇಲೆ ಅಲೆಯೋರು ನೀವೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂತು. 50 ವರ್ಷ ದಾಟಿದ ಟೂವೀಲರ್, ಕಾರಿಗೆ ಅನ್ವಯ, ಹೊಸದಾಗಿ ಮಾಡ್ಸೋಕೆ 20 ಸಾವಿರ ಫೀಸು, ರೀ ರಿಜಿಸ್ಟ್ರೇಷನ್‌ಗೆ 5 ಸಾವಿರ, 10 ವರ್ಷ ವ್ಯಾಲಿಡಿಟಿ. ಹೊಸದಾಗಿ ಮಾಡ್ಸಿದ್ರೆ ನಂಬರ್ ಪ್ಲೇಟಲ್ಲಿ ವಿಎ ಅಂತ ಬರುತ್ತೆ, ಮೊದ್ಲೇ ರಿಜಿಸ್ಟರ್ ಆಗಿರೋದಕ್ಕೆ ಹಳೇ ನಂಬರ್ ಉಳಿಸ್ಕೋಬಹುದು. ಆದ್ರೆ ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಯಿಸಿರ್ಬಾರ್ದು ಅಂತ ಷರತ್ತು, ಅಂಬಾಸಿಡರ್ ಇಂಜಿನ್ ಗಾಡಿ ಯಾಕೆ ಬೇಡ ಅಂದೆ ಅಂತ ಈಗ ಗೊತ್ತಾಯ್ತಲ್ಲ. ಇನ್ನೊಂದು, ಆ ಸ್ಕೀಮಲ್ಲಿ ಹೋದ್ರೆ ದಿನಾ ಓಡಿಸೋ ಹಾಗಿಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ಇಂಥದ್ದಕ್ಕೆ ಮಾತ್ರ. ಯಾವ್ದು ಬೇಕು ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ.

ಓಡಿಸೋಕೆ ಹೇಗಿದೆ? 1250 ಸಿಸಿ, 54 ಕುದುರೆ ಶಕ್ತಿ, ಕಾಗದದ ಮೇಲೆ ಈಗಿನ ಆಲ್ಟೋನೂ ಇದನ್ನ ಹಿಂದೆ ಹಾಕುತ್ತೆ. ಆದ್ರೆ ಕುಶಾಲನಗರದಿಂದ ಸುಂಟಿಕೊಪ್ಪ ಮೇಲೆ ಮಡಿಕೇರಿಗೆ ಹತ್ತೋವಾಗ ವಿಂಡ್‌ಸ್ಕ್ರೀನ್ ಮುಂದಕ್ಕೆ ಮಡಚಿ, ಥರ್ಡ್ ಗೇರಲ್ಲಿ, ಕಾಫಿ ಹೂವು ಬಿಟ್ಟಿರೋ ಟೈಮಲ್ಲಿ ಹೋಗಿ ನೋಡಿ, ಅರವತ್ತು ದಾಟೋದೇ ಬೇಡ, ಅಷ್ಟು ಸಾಕು. ಸ್ಟೀರಿಂಗ್ ರ‍್ಯಾಕ್ ಅಂಡ್ ಪಿನಿಯನ್, ಮುಂದೆ ಕಾಯಿಲ್ ಸ್ಪ್ರಿಂಗಿನ ಇಂಡಿಪೆಂಡೆಂಟ್ ಸಸ್ಪೆನ್ಷನ್, ಟಿಸಿಲಿ ಇವೆರಡೂ ಇರ್ಲಿಲ್ಲ, ಅದಕ್ಕೇ ತಿರುವಲ್ಲಿ ಇದು ಹೇಳಿದ್ ಮಾತು ಕೇಳುತ್ತೆ. ಫಸ್ಟ್ ಗೇರಿಗೆ ಸಿಂಕ್ರೋ (ಓಡ್ತಿರುವಾಗ್ಲೇ ಗೇರು ಸಲೀಸಾಗಿ ಬೀಳಿಸೋ ವ್ಯವಸ್ಥೆ) ಇಲ್ಲ, ಟ್ರಾಫಿಕ್ಕಲ್ಲಿ ಪೂರ್ತಿ ನಿಲ್ಸದೆ ಫಸ್ಟ್ ಹಾಕಕ್ಕೆ ಹೋದ್ರೆ ಕರ್ರ್ ಅಂತ ಊರಿಗೆಲ್ಲ ಕೇಳುತ್ತೆ. ನಾಲ್ಕೂ ಡ್ರಮ್ ಬ್ರೇಕು, ಸಂಪಾಜೆ ಘಾಟಿ ಇಳಿಯೋವಾಗ ಬ್ರೇಕ್ ನಂಬ್ಕೊಂಡು ಹೋಗ್ಬೇಡಿ, ಸೆಕೆಂಡ್ ಗೇರಲ್ಲೇ ಇಳೀರಿ, ಹಿಂದ್ಗಡೆ ಬಸ್ಸಿನವ್ನು ಹಾರ್ನ್ ಹೊಡ್ಕೊಳ್ಲಿ. ಪೆಡಲ್ ಎಷ್ಟು ಒತ್ತೊತ್ತಾಗಿದೆ ಅಂದ್ರೆ ತೋಟದ ಗಮ್‌ಬೂಟಲ್ಲಿ ಕೂತ್ರೆ ಬ್ರೇಕು ಆಕ್ಸಿಲರೇಟರ್ ಎರಡೂ ಒಟ್ಟಿಗೆ ತುಳಿಯುತ್ತೆ. ಪೆಟ್ರೋಲ್ ಗೇಜ್ ಇಲ್ಲ, ಕಮ್ಮಿ ಆದ್ರೆ ಒಂದು ಹಸಿರು ಲೈಟ್ ಹತ್ತುತ್ತೆ, ಅಷ್ಟೇ ಮಾತುಕತೆ.

ಮಳೇಲಿ? ಮಳೇಲಿ ತೆಗೀಬೇಡಿ. ಸೈಡ್ ಪರದೆ ಹಾಕಿದ್ರೂ ನೀರು ಬಲಗಡೆ ತೊಡೆ ಮೇಲೇ ಬೀಳುತ್ತೆ, ವೈಪರ್ ಮೋಟರ್ ಗಾಜಿನ ಫ್ರೇಮ್ ಮೇಲೇ ಕೂತಿದೆ, ಅದರ ವೇಗಕ್ಕೆ ಆಟಿ ಮಳೆ ಕ್ಯಾರೇ ಅನ್ನಲ್ಲ. ಮಂಜಲ್ಲಿ ಲ್ಯೂಕಾಸ್ ಹೆಡ್‌ಲೈಟ್ ಹಾಕಿದ್ದೀವಾ ಇಲ್ವಾ ಅಂತ ಇಳಿದು ನೋಡ್ಬೇಕು. ಇನ್ನೊಂದು ತುಂಬಾ ಮುಖ್ಯ, ಇದು ಪಾಸಿಟಿವ್ ಅರ್ತ್ ಗಾಡಿ, ಬ್ಯಾಟರಿಯ ಪ್ಲಸ್ಸು ಬಾಡಿಗೆ ಹೋಗುತ್ತೆ. ಒಂದು ವರ್ಕ್‌ಶಾಪಲ್ಲಿ ನಾನು ಹೇಳ್ತಾ ಇದ್ರೂ ಕೇಳದೆ ಹುಡುಗ ಉಲ್ಟಾ ಕೊಟ್ಟ, ಹೊಗೆ ಬಂತು, ಬಿಲ್ಲೂ ಬಂತು. ಈಗ ಬ್ಯಾಟರಿ ಪಕ್ಕದಲ್ಲೇ ಕೆಂಪು ಪೇಂಟಲ್ಲಿ ಬರೆದಿಟ್ಟಿದ್ದೀನಿ.

ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ತಿಂದು ಹಾಕುತ್ತೆ, ಮೇಲಿಂದ ಎಥನಾಲು ಗಾಳಿಯ ತೇವ ಎಳ್ಕೊಳ್ಳುತ್ತೆ, ನಮ್ಮೂರ ಗಾಳೀಲಿ ತೇವಕ್ಕೇನು ಬರಗಾಲ. ತಗೊಂಡ ಕೂಡ್ಲೇ ಪೈಪೆಲ್ಲ ಎಥನಾಲ್ ತಡೆಯೋದು ಹಾಕ್ಸಿ, ಮಳೆಗಾಲಕ್ಕೆ ಟ್ಯಾಂಕ್ ಖಾಲಿ ಮಾಡಿ. ಇಂಜಿನ್ ಹಿಂದ್ಗಡೆಯಿಂದ ಸ್ವಲ್ಪ ಆಯಿಲ್ ಸೋರುತ್ತೆ, ಅಲ್ಲಿ ಈಗಿನಂಥ ಸೀಲೇ ಇಲ್ಲ, ಗಾಬರಿ ಬೇಡ, ಕೆಳಗೊಂದು ಟ್ರೇ ಇಡಿ. ಬಿಸಿ ಆದ್ಮೇಲೆ ಓಡೋವಾಗ ಆಯಿಲ್ ಪ್ರೆಷರ್ 40ರಿಂದ 60 ಪಿಎಸ್‌ಐ ಮಧ್ಯೆ ಇದ್ರೆ ಇಂಜಿನ್ ಆರೋಗ್ಯ ಚೆನ್ನಾಗಿದೆ. ಸಿಲಿಂಡರ್ ಹೆಡ್ ಮಾತ್ರ ಬಿಚ್ಚಿದಾಗ ಕ್ರ್ಯಾಕ್ ಇದ್ಯಾ ಅಂತ ಟೆಸ್ಟ್ ಮಾಡ್ಸಿ, ಈ ಇಂಜಿನ್ನಿನ ಹಳೇ ಕಾಯಿಲೆ ಅದು. ಸ್ಪ್ಯಾನರ್ ವಿಷ್ಯ ಅಂತೂ ತಲೆ ಕೆಡ್ಸುತ್ತೆ, ಇಂಜಿನ್ ಬೋಲ್ಟಿನ ಮರೆ (ತಿರುಪಿನ ಗೆರೆ) ಮೆಟ್ರಿಕ್, ತಲೆ ಹಳೇ ಬ್ರಿಟಿಷ್ ಅಳತೆಯ ವಿಟ್‌ವರ್ತ್, ನಮ್ಮ ಗ್ಯಾರೇಜಿನ ಯಾವ ಸೆಟ್ಟೂ ಕೂರಲ್ಲ, ಬಲವಂತ ಮಾಡಿದ್ರೆ ಬೋಲ್ಟ್ ತಲೆ ಉರುಟು. ವಿಟ್‌ವರ್ತ್ ಸೆಟ್ ಹಳೇ ಗುಜರಿಯಲ್ಲಿ ಹುಡುಕಿ ಇಟ್ಕೊಳ್ಳಿ.

ಸ್ಪೇರ್ ಪಾರ್ಟ್ಸಿಗೆ ಭಯ ಬೇಡ, ಇಂಗ್ಲೆಂಡು ಅಮೆರಿಕಾದಲ್ಲಿ ಮಾಸ್ ಮೋಟರ್ಸ್ ಥರದ ಅಂಗಡಿಗಳಲ್ಲಿ ಗ್ಯಾಸ್ಕೆಟ್ಟಿಂದ ಹಿಡಿದು ಬಾಡಿಯ ಮರದ ಕಿಟ್‌ವರೆಗೆ ಹೊಸದೇ ಸಿಗುತ್ತೆ. ಕಸ್ಟಮ್ಸ್ ಸೇರಿ ಬರೋ ಬಿಲ್ ನೋಡಿದಾಗ ಮಾತ್ರ ಆಚಾರಿ ದೇವ್ರ ಥರ ಕಾಣ್ತಾರೆ.

ನನ್ನ ಮಾರ್ಕ್ಸು: ಖುಷಿಗೆ ಐದಕ್ಕೆ ಐದು, ಉಪಯೋಗಕ್ಕೆ ಒಂದು, ಮಳೆಗಾಲಕ್ಕೆ ಸೊನ್ನೆ. ಗಾಳಿ ಆಡೋ ಒಣ ಶೆಡ್ ಇಲ್ದೋರು, ಪ್ಲಾಸ್ಟಿಕ್ ಕವರ್ ಹೊದೆಸಿ ಅಂಗಳದಲ್ಲಿ ನಿಲ್ಸೋರು ದಯವಿಟ್ಟು ತಗೋಬೇಡಿ, ಕವರ್ ಒಳಗೇ ಬೆವರಿ ಮರ ಬೇಗ ಹೋಗುತ್ತೆ. ಅಂದ ಹಾಗೆ ನಂಗೆ ಒರಿಜಿನಲ್ ಡಿಸ್ಕ್ ವೀಲ್ ಒಂದು ಬೇಕಾಗಿದೆ, ಸ್ಟೆಪ್ನಿದು ತುಕ್ಕು ಹಿಡಿದು ತೂತಾಗಿದೆ. ಗೋಣಿಕೊಪ್ಪ, ಪಾಲಿಬೆಟ್ಟ, ಸಿದ್ದಾಪುರ ಕಡೆ ಯಾರ ಗೋಡೌನಲ್ಲಾದ್ರೂ ಬಿದ್ದಿದ್ರೆ ಗುಜರಿಯವನಿಗೆ ತೂಕಕ್ಕೆ ಹಾಕೋ ಮೊದ್ಲು ಒಂದು ಮಾತು ತಿಳಿಸಿ, ಅವ್ನಿಗಿಂತ ಜಾಸ್ತೀನೇ ಕೊಡ್ತೀನಿ.