ಗಾಜಿಲ್ಲದ ಉಂಗುರ, ಹತ್ತಿರದ ಹೂವು: ಎಕ್ಸ್‌ಟೆನ್ಶನ್ ಟ್ಯೂಬಿನ ದೀರ್ಘ ಬಳಕೆಯ ಅನುಭವ

ಕಾರವಾರದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಮಳೆಗಾಲವೆಂದರೆ ಬೂಷ್ಟಿನ ಭಯ. ಜೂನ್‌ನಲ್ಲಿ ಕಪಾಟು ಸೇರಿದ ಲೆನ್ಸನ್ನು ಮಳೆ ಮುಗಿದ ಮೇಲೆ ತೆಗೆದರೆ ಗಾಜಿನೊಳಗೆ ಬಿಳಿ ಎಳೆಗಳು ಹರಡಿರುತ್ತವೆ. ಅಂಗಳದ ಹೂವುಗಳನ್ನು ಹತ್ತಿರದಿಂದ ತೆಗೆಯುವ ಆಸೆಗೆ ನಾನು ದುಬಾರಿ ಮ್ಯಾಕ್ರೋ ಲೆನ್ಸಿನ ಬದಲು ಎಕ್ಸ್‌ಟೆನ್ಶನ್ ಟ್ಯೂಬ್ ಕೊಂಡದ್ದಕ್ಕೆ ಬೆಲೆಯಷ್ಟೇ ಇದೂ ಕಾರಣ: ಅದರೊಳಗೆ ಗಾಜೇ ಇಲ್ಲ. ಹಲವು ಮಳೆಗಾಲ ಕಳೆದ ಮೇಲೂ ಆ ಆಯ್ಕೆ ಸರಿ ಎಂದೇ ಹೇಳುತ್ತೇನೆ.

ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸೇರಿಸುವ ಟೊಳ್ಳು ಉಂಗುರಗಳಿವು. ನನ್ನ ಸೆಟ್ಟಿನಲ್ಲಿ 12, 20 ಮತ್ತು 36 ಮಿಲಿಮೀಟರಿನ ಮೂರು ಇವೆ. ಲೆನ್ಸ್, ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರಿನಿಂದ ದೂರ ಸರಿದಷ್ಟೂ ಹೂವಿನ ಹತ್ತಿರ ಹೋಗಿ ಫೋಕಸ್ ಮಾಡಬಹುದು. 50 ಎಂಎಂ ಲೆನ್ಸಿಗೆ 36ರ ಉಂಗುರ ಹಾಕಿದರೆ, 36ನ್ನು 50ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 0.7ರಷ್ಟು ಹಿಗ್ಗುವಿಕೆ ಸಿಗುತ್ತದೆ. ಒಂದು ಸೆಂಟಿಮೀಟರ್ ಅಗಲದ ಹೂವು ಸೆನ್ಸರಿನ ಮೇಲೆ ಏಳು ಮಿಲಿಮೀಟರ್ ಜಾಗ ತುಂಬುತ್ತದೆ. ದಾಸವಾಳದ ನಡುಗಂಬದ ತುದಿಯಲ್ಲಿರುವ ಐದು ಕೆಂಪು ಗುಂಡುಗಳು, ಅವುಗಳ ಕೆಳಗೆ ಪರಾಗಕ್ಕೆ ಅಂಟಿ ನಿಂತ ಇರುವೆ, ಎಲ್ಲವೂ ಚೌಕಟ್ಟಿಗೆ ಬರುತ್ತವೆ. 18 ಎಂಎಂನಂಥ ಅಗಲ ನೋಟದ ಲೆನ್ಸಿಗೆ ಮಾತ್ರ 36ರ ಉಂಗುರ ಹಾಕಬೇಡಿ. ಫೋಕಸ್ ಆಗುವ ಜಾಗ ಲೆನ್ಸಿನೊಳಗೇ ಹೋಗಿ ಬೀಳುತ್ತದೆ.

ಇದಕ್ಕೆ ತೆರಬೇಕಾದದ್ದು ಬೆಳಕು. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕಿನ ಕಿಂಡಿಯನ್ನು, ಎಫ್/8ಕ್ಕೆ ಇಟ್ಟರೂ 0.7ರ ಹಿಗ್ಗುವಿಕೆಯಲ್ಲಿ ಸೆನ್ಸರಿಗೆ ಸಿಗುವುದು ಎಫ್/14ರಷ್ಟು ಬೆಳಕು; ಈ ಸಂಖ್ಯೆ ಏರಿದಷ್ಟೂ ಬೆಳಕು ಕಡಿಮೆ. ಕ್ಯಾಮೆರಾ ಅದನ್ನು ತಾನೇ ಅಳೆದು ಶಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಗಾಳಿಗೆ ಹೂವು ಅಲುಗಿದರೆ ಚಿತ್ರ ಕೆಟ್ಟಿತು. ಆದ್ದರಿಂದ ಕರಾವಳಿಯಲ್ಲಿ ಹೊತ್ತು ನೋಡಿ ತೆಗೆಯಬೇಕು. ಬೇಸಿಗೆಯ ದಿನಗಳಲ್ಲಿ ಬಿಸಿಲೇರುತ್ತಿದ್ದಂತೆ ಕಡಲಗಾಳಿ ಶುರುವಾಗುತ್ತದೆ. ಅದಕ್ಕೂ ಮೊದಲಿನ ಮುಂಜಾವು ನಮ್ಮದು. ಗಿಡದ ಪಕ್ಕ ಒಂದು ಕೋಲು ನೆಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ತೊಟ್ಟನ್ನು ಮೆಲ್ಲಗೆ ಹಿಡಿಸಿದರೆ ಟ್ರೈಪಾಡಿನಷ್ಟೇ ಉಪಕಾರ.

ಫೋಕಸ್ ಉಂಗುರ ತಿರುಗಿಸುವುದಕ್ಕಿಂತ, ಕ್ಯಾಮೆರಾ ಹಿಡಿದ ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಸರಿಸುವುದು ಬೇಗ ಫಲ ಕೊಡುತ್ತದೆ. ಆಟೊಫೋಕಸ್ ಇದೆ, ಆದರೆ ಇಷ್ಟು ಹತ್ತಿರದಲ್ಲಿ ಅದು ತಡಕಾಡುತ್ತಲೇ ಇರುತ್ತದೆ. ಈ ಅಂತರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಮಾತ್ರ. ನಂದಿಬಟ್ಟಲಿನಂಥ ಚಪ್ಪಟೆ ಹೂವಾದರೆ ಸೆನ್ಸರನ್ನು ಎಸಳುಗಳಿಗೆ ಸಮಾನಾಂತರವಾಗಿ ಹಿಡಿಯಿರಿ, ಇಡೀ ಹೂವು ಚೊಕ್ಕವಾಗಿ ಬರುತ್ತದೆ.

ಶಿರಸಿಯ ಬಳಿಯ ತವರಿನಲ್ಲಿ ಆಯಿ (ಅಮ್ಮ) ಬೆಳೆಸುವ ಡೇರೆ (ಡೇಲಿಯಾ) ಹೂವಿಗೆ ಈ ಉಪಾಯ ಸಾಲದು. ಸಾಲು ಸಾಲು ಎಸಳುಗಳು ಹಿಂದಕ್ಕೆ ಸರಿಯುವ ಹೂವದು. ಒಂದೇ ಚಿತ್ರದಲ್ಲಿ ಎಲ್ಲವನ್ನೂ ಹಿಡಿಯಲಾಗದು. ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸಿ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದುಗೂಡಿಸುತ್ತೇನೆ. ಮಳೆಗಾಲದ ಮೋಡದ ಬೆಳಕಿನಲ್ಲಿ ಡೇರೆಯ ಬಣ್ಣ ಅರಳುವಂತೆ ಮತ್ತೆಂದೂ ಅರಳದು. ಬಿಸಿಲಿದ್ದ ದಿನ ತೆಳುವಾದ ಬಿಳಿ ಪಂಚೆಯನ್ನು ಹೂವಿನ ಮೇಲೆ ಅಡ್ಡ ಹಿಡಿದರೆ ನೆರಳು ಮೃದುವಾಗುತ್ತದೆ. ಕೆಂಪು ದಾಸವಾಳಕ್ಕೆ ಇನ್ನೊಂದು ಎಚ್ಚರ ಬೇಕು: ಎಕ್ಸ್‌ಪೋಶರ್, ಅಂದರೆ ಚಿತ್ರಕ್ಕೆ ಬಿಡುವ ಬೆಳಕು, ತುಸು ತಗ್ಗಿಸದಿದ್ದರೆ ಎಸಳಿನ ನರಗಳೆಲ್ಲ ಕರಗಿ ಕೆಂಪಿನ ಮುದ್ದೆ ಉಳಿಯುತ್ತದೆ. ಈ ಡೇರೆಯ ಚಿತ್ರಗಳನ್ನು ನೋಡಿಯೇ ಯಾರ ಮನೆಯಿಂದ ಬಂದ ಗಡ್ಡೆ ಯಾವುದು ಎಂದು ಆಯಿ ಗುರುತಿಸುತ್ತಾಳೆ. ನನಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ಗಾಜಿಲ್ಲದಿದ್ದರೂ ಆರೈಕೆ ತಪ್ಪದು. ಉಪ್ಪುಗಾಳಿಗೆ ಉಂಗುರದ ವಿದ್ಯುತ್ ಸಂಪರ್ಕದ ಚುಕ್ಕೆಗಳು ಮಂಕಾಗಿ, ಅಪರ್ಚರ್ ಆಗಾಗ ಕೆಲಸ ನಿಲ್ಲಿಸಿದ್ದುಂಟು. ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಲೆನ್ಸಿನ ಜೊತೆಗೇ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಉಂಗುರ ಬದಲಿಸುವಾಗ ಸೆನ್ಸರ್ ಬಯಲಾಗುತ್ತದೆ, ಆದ್ದರಿಂದ ಆ ಕೆಲಸ ಮನೆಯೊಳಗೇ ಆಗಲಿ.

ಚಿಟ್ಟೆ, ಜೇನುನೊಣಗಳೇ ಮುಖ್ಯವೆನ್ನುವವರಿಗೆ ಇದನ್ನು ಹೇಳುವುದಿಲ್ಲ. ಮೂರೂ ಉಂಗುರ ಜೋಡಿಸಿದರೆ ಲೆನ್ಸಿಗೂ ಹೂವಿಗೂ ನಡುವೆ ನಾಲ್ಕು ಬೆರಳಿನಷ್ಟೇ ಜಾಗ; ಹುಳುಗಳು ಹಾರಿಹೋಗುತ್ತವೆ, ಲೆನ್ಸಿನ ನೆರಳೂ ಬೀಳುತ್ತದೆ. ಅವರು ಹಣ ಕೂಡಿಸಿ 100 ಎಂಎಂ ಮ್ಯಾಕ್ರೋ ಲೆನ್ಸೇ ಕೊಳ್ಳಲಿ.

ಟ್ಯೂಬ್ ಕೊಳ್ಳುವವರು ವಿದ್ಯುತ್ ಸಂಪರ್ಕವಿಲ್ಲದ ಅಗ್ಗದ ಸೆಟ್ಟಿಗೆ ಹೋಗಬೇಡಿ, ಇಂದಿನ ಬಹುಪಾಲು ಲೆನ್ಸುಗಳಲ್ಲಿ ಅದರಿಂದ ಅಪರ್ಚರ್ ಬದಲಿಸಲಾಗದು. ಕೂಡುವ ಭಾಗ ಲೋಹದ್ದಿರಲಿ. ಅಂಗಡಿಯಲ್ಲೇ ನಿಮ್ಮ ಲೆನ್ಸ್ ಜೋಡಿಸಿ, ಅಪರ್ಚರ್ ಬದಲಾಗುತ್ತದೆಯೇ, ಕೈಯಲ್ಲಿ ಅಲುಗಿಸಿದರೆ ಸಡಿಲವೇ ಎಂದು ನೋಡಿಯೇ ಹಣ ಕೊಡಿ.