ಏಳನೆಯ ಭಾಗ ಎಲ್ಲಿ?

ಬೇರೆಯವರ ಪುಸ್ತಕದ ಕರಡು ತಿದ್ದಿ ಹೊಟ್ಟೆ ಹೊರೆಯುವವಳು ನಾನು. ಹಸ್ತಪ್ರತಿಯೇ ಕೊಲೆಗೆ ಸಾಕ್ಷಿಯಾಗುವ ಕಾದಂಬರಿ ಸಿಕ್ಕರೆ ಬಿಡುವುದುಂಟೆ? ಆಂಟನಿ ಹೊರೊವಿಟ್ಜ್ ಅವರ ‘ಮ್ಯಾಗ್‌ಪೈ ಮರ್ಡರ್ಸ್’ (2016) ಅಂಥದ್ದು.

ಲಂಡನ್ನಿನ ಪ್ರಕಾಶನವೊಂದರ ಸಂಪಾದಕಿ ಸೂಸನ್, ಸಂಸ್ಥೆಗೆ ಅನ್ನ ಹಾಕುವ ಲೇಖಕ ಅಲನ್ ಕಾನ್ವೇಯ ಹೊಸ ಹಸ್ತಪ್ರತಿ ಹಿಡಿದು ಕೂರುತ್ತಾಳೆ. ಅವಳ ಜೊತೆ ನಾವೂ. ಆ ಒಳಗಿನ ಪುಸ್ತಕಕ್ಕೆ ಬೇರೆಯದೇ ಶೀರ್ಷಿಕೆ ಪುಟ, ಲೇಖಕ ಪರಿಚಯ, ಮೆಚ್ಚುಗೆಯ ಮಾತು, ಸರಣಿಯ ಹಳೆಯ ಪುಸ್ತಕಗಳ ಪಟ್ಟಿ. ಮೊದಲ ಪುಟಗಳನ್ನು ಹಾರಿಸುವ ಚಾಳಿಯವರು ಇಲ್ಲಿ ಮಾತ್ರ ಹಾರಿಸಬೇಡಿ. ಯಾಕೆಂದು ಹೇಳಿದರೆ ಮಜಾ ಕೆಡುತ್ತದೆ.

ಒಳಗಿನದು 1955ರ ಇಂಗ್ಲೆಂಡಿನ ಹಳ್ಳಿ. ಬಂಗಲೆಯ ಮನೆವಾರ್ತೆ ನೋಡುತ್ತಿದ್ದ ಮೇರಿ ಮೆಟ್ಟಿಲಿಂದ ಉರುಳಿ ಸತ್ತಿದ್ದಾಳೆ. ಅವಳ ಹಿಂದೆಯೇ ಯಜಮಾನ ಸರ್ ಮ್ಯಾಗ್ನಸ್‌ನ ತಲೆಯೇ ಹಾರುತ್ತದೆ. ಪಾದ್ರಿ, ಡಾಕ್ಟರಮ್ಮ, ಹಳೇ ಸಾಮಾನಿನ ಅಂಗಡಿಯವನು, ಎಲ್ಲರೂ ಏನೋ ಬಚ್ಚಿಟ್ಟವರೇ. ಪತ್ತೇದಾರ ಆಟಿಕಸ್ ಪ್ಯೂಂಡ್ ನಾಜಿ ಶಿಬಿರದಿಂದ ಬದುಕಿ ಬಂದವನು, ಈಗ ಮಿದುಳಿನ ಗೆಡ್ಡೆಯಿಂದ ದಿನ ಎಣಿಸುತ್ತಿರುವವನು. ನನಗೆ ತುಂಬ ಹಿಡಿಸಿದ್ದು ಅವನೇ. ಮ್ಯಾಗ್‌ಪೈ ಹಕ್ಕಿ ಎಷ್ಟು ಕಂಡರೆ ಏನು ಶಕುನ ಎನ್ನುವ ಶಿಶುಪದ್ಯದ ಸಾಲುಗಳೇ ಭಾಗಗಳ ಹೆಸರು. ಪದ್ಯದ ಏಳನೆಯ ಸಾಲು, ಯಾರಿಗೂ ಹೇಳಬಾರದ ಗುಟ್ಟು. ಆರನೆಯ ಭಾಗ ಮುಗಿಯಿತು, ಪ್ಯೂಂಡ್‌ಗೆ ಎಲ್ಲ ಗೊತ್ತಾಯಿತು, ನಾನು ಆತುರಾತುರವಾಗಿ ಪುಟ ತಿರುಗಿಸಿದೆ. ಏಳನೆಯ ಭಾಗ ಹಸ್ತಪ್ರತಿಯಲ್ಲೇ ಇಲ್ಲ!

ಅಷ್ಟರಲ್ಲಿ ಕಾನ್ವೇಯೂ ಸಫೋಕ್‌ನ ತನ್ನ ಮನೆಯ ಗೋಪುರದಿಂದ ಬಿದ್ದು ಸತ್ತ ಸುದ್ದಿ. ಉಳಿದ ಪುಟಗಳನ್ನು ಹುಡುಕುತ್ತ ಹೊರಟ ಸೂಸನ್‌ಗೆ, ಅವನು ತನ್ನ ಸುತ್ತಲಿನವರನ್ನೇ ಹೆಸರು ತಿರುಚಿ ಹಳ್ಳಿಗೆ ಕರೆತಂದಿದ್ದು ಕಾಣಿಸುತ್ತದೆ. ಯಾರು ಯಾರ ನೆರಳು ಎಂದು ಹೊಂದಿಸಲು ನಾನು ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತ ಹೋದೆ. (ಕಸುಬಿನ ಗುಣ, ಏನು ಮಾಡೋದು.) ಆದರೂ ಹೊರಗಿನ ಕಥೆ ಒಳಗಿನದರಷ್ಟು ಗಟ್ಟಿಯಿಲ್ಲ. ಸೂಸನ್ ಒಬ್ಬೊಬ್ಬರ ಮನೆಗೆ ಹೋಗಿ ಕೇಳಿದ್ದನ್ನೇ ಕೇಳುತ್ತಾಳೆ. ಗ್ರೀಕ್ ಗೆಳೆಯನ ಜೊತೆ ಕ್ರೀಟ್‌ಗೆ ಹೋಗಲೋ ಬೇಡವೋ ಎಂಬ ತೊಯ್ದಾಟ ಇಷ್ಟುದ್ದ ಬೇಕಿರಲಿಲ್ಲ. ಕಾನ್ವೇಯ ‘ಘನ ಸಾಹಿತ್ಯ’ದ ಒಂದು ತುಣುಕನ್ನು ಹೊರೊವಿಟ್ಜ್ ಬೇಕೆಂದೇ ಕೆಟ್ಟದಾಗಿ ಬರೆದು ಸೇರಿಸಿದ್ದಾರೆ. ಅಂಥ ಕರಡುಗಳನ್ನು ಕಂಡಿರುವ ನಾನು ನಕ್ಕೂ ನಕ್ಕೂ ಸುಸ್ತಾದೆ.

ಎರಡೂ ಕೊಲೆಗಾರರಲ್ಲಿ ನಾನು ಒಬ್ಬನನ್ನೂ ಹಿಡಿಯಲಿಲ್ಲ. ಸುಳಿವುಗಳೆಲ್ಲ ಕಣ್ಣೆದುರೇ ಇದ್ದವು, ಮೋಸವಿಲ್ಲ.

2022ರಲ್ಲಿ ಧಾರಾವಾಹಿಯೂ ಬಂತು. ಅದರಲ್ಲಿ ಎರಡೂ ಕಥೆಗಳನ್ನು ಹೆಣೆದು ಒಟ್ಟಿಗೇ ಓಡಿಸಿದ್ದಾರೆ. ಹಾಗಾಗಿ ಪುಸ್ತಕ ಮೊದಲು ಓದಿ. ಧಾರಾವಾಹಿ ಆಮೇಲಾದರೂ ನೋಡಬಹುದು.